ಬೀದಿಯಿಂದ ಕಾಣುವ ಭೂತ

ಅಮೆರಿಕದ ಹೋಮ್ ಡಿಪೋ ಮಳಿಗೆಗಳವರು 2020ರಲ್ಲಿ ಹನ್ನೆರಡು ಅಡಿ ಎತ್ತರದ ಪ್ಲಾಸ್ಟಿಕ್ ಅಸ್ಥಿಪಂಜರವೊಂದನ್ನು 299 ಡಾಲರ್‌ಗೆ ಮಾರಾಟಕ್ಕಿಟ್ಟರು. ಅಂದಿನಿಂದ ನ್ಯೂಜೆರ್ಸಿಯ ನಮ್ಮ ಬಡಾವಣೆಯಲ್ಲಿ ಮೇಪಲ್ ಎಲೆ ಕೆಂಪಾಗುವ ಮೊದಲೇ ಮೂರ್ನಾಲ್ಕು ಅಂಗಳಗಳಲ್ಲಿ ಅದು ಎದ್ದು ನಿಂತಿರುತ್ತದೆ. ಹಗಲಲ್ಲಿ ನೋಡಿದರೆ ಬೆನ್ನಿನ ಕಂಬ, ಕೀಲಿನ ಬೋಲ್ಟು, ಗಾಳಿಗೆ ಉರುಳದಿರಲೆಂದು ಗೂಟಕ್ಕೆ ಬಿಗಿದ ಹಗ್ಗ ಎಲ್ಲ ಸ್ಪಷ್ಟ. ಮಕ್ಕಳು ಅದರ ಕಾಲು ತಬ್ಬಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ. ಅದನ್ನು ಕಂಡು ನಿಜವಾಗಿ ಹೆದರುವವನು ಮನೆಯ ಯಜಮಾನ ಒಬ್ಬನೇ; ಅದೂ ನವೆಂಬರಿನಲ್ಲಿ, ಬಿಚ್ಚಿ ಎಲ್ಲಿಡುವುದು ಎಂಬ ಚಿಂತೆ ಶುರುವಾದಾಗ.

ಹ್ಯಾಲೋವೀನ್ ಎಂದರೆ ಅಕ್ಟೋಬರ್ 31ರ ಸಂಜೆ. ವೇಷ ಹಾಕಿದ ಮಕ್ಕಳು ಮನೆಮನೆಯ ಬಾಗಿಲು ತಟ್ಟಿ ಚಾಕೊಲೇಟ್ ಕೇಳುವ ಆ ಎರಡು ಮೂರು ಗಂಟೆಗಾಗಿ ಇಡೀ ತಿಂಗಳು ಸಿಂಗಾರ ನಡೆಯುತ್ತದೆ. ಅಮೆರಿಕದ ಚಿಲ್ಲರೆ ವ್ಯಾಪಾರಿಗಳ ರಾಷ್ಟ್ರೀಯ ಒಕ್ಕೂಟ 2023ರಲ್ಲಿ ಈ ಹಬ್ಬದ ಒಟ್ಟು ಖರ್ಚನ್ನು 1,220 ಕೋಟಿ ಡಾಲರ್ ಎಂದು ಅಂದಾಜು ಮಾಡಿತ್ತು. ಅದರಲ್ಲಿ ಸುಮಾರು 390 ಕೋಟಿ ಬರೀ ಅಲಂಕಾರದ ಬಾಬ್ತು. ಚಾಕೊಲೇಟಿಗೆ ದುಡ್ಡು ಬೇಕು, ವೇಷಕ್ಕೂ ಸ್ವಲ್ಪ ಬೇಕು, ಒಪ್ಪೋಣ. ಅಲಂಕಾರಕ್ಕೆ ಅಷ್ಟೊಂದು ಯಾಕೆ ಎನ್ನುವುದು ಕತ್ತರಿ, ಕಾಗದ, ಗೋಂದಿನ ನಡುವೆಯೇ ಬಾಳಿದ ನನಗೆ ಇನ್ನೂ ತಲೆಗೆ ಹತ್ತಿಲ್ಲ. ಬೇರೆ ಹಬ್ಬದ ಅಲಂಕಾರವನ್ನು ಜನ ಹತ್ತಿರ ಬಂದು, ಬೆಳಕಿನಲ್ಲಿ ನೋಡುತ್ತಾರೆ. ಗೌರಿಯ ಮಂಟಪದಲ್ಲಿ ಒಂದು ಸೇವಂತಿಗೆ ಬಾಡಿದ್ದರೂ ಯಾರದಾದರೂ ಕಣ್ಣಿಗೆ ಬಿದ್ದೇ ಬೀಳುತ್ತದೆ. ಇಲ್ಲಿ ನೋಡುವವರು ಇರುವುದು ಫುಟ್‌ಪಾತಿನ ಮೇಲೆ, ಇಪ್ಪತ್ತು ಮೂವತ್ತು ಅಡಿ ದೂರದಲ್ಲಿ, ಅದೂ ಕತ್ತಲಲ್ಲಿ. ಅವರಿಗೆ ಕಾಣುವುದು ಆಕೃತಿಯ ಅಂಚು ಮತ್ತು ಅದರ ಹಿಂದಿನ ಬೆಳಕು, ಅಷ್ಟೇ. ಆರು ವರ್ಷದ ಮಗುವಿನ ಒರಟು ಕತ್ತರಿ ಇದಕ್ಕೆ ಧಾರಾಳ ಸಾಕು. ಅಂಗಡಿಯ ಅಚ್ಚಿನಿಂದ ಬಂದ ಬಾವಲಿಗಳೆಲ್ಲ ಒಂದೇ ಪಡಿಯಚ್ಚು. ಮಗು ಕತ್ತರಿಸಿದ ಹತ್ತು ಬಾವಲಿಗಳಲ್ಲಿ ಹತ್ತೂ ಬೇರೆ. ಹಾರುವ ಹಿಂಡು ಇರುವುದೂ ಹಾಗೆಯೇ ತಾನೆ?

ಈ ಹಬ್ಬದ ಸಿಂಗಾರ ಹಿಂದೆ ಬಹುಮಟ್ಟಿಗೆ ಕಾಗದದ್ದೇ ಆಗಿತ್ತು. ಮ್ಯಾಸಚೂಸೆಟ್ಸ್‌ನ ಡೆನಿಸನ್ ಕಂಪನಿ 1909ರಲ್ಲಿ 'ಬೋಗಿ ಬುಕ್' ಎಂಬ ಕಿರುಪುಸ್ತಕ ಹೊರತಂದಿತು. ಮುಂದಿನ ದಶಕಗಳಲ್ಲಿ ಅದರ ಹೊಸ ಹೊಸ ಆವೃತ್ತಿಗಳು ಬಂದವು. ಕ್ರೇಪ್ ಕಾಗದ ಮಾಡುತ್ತಿದ್ದ ಕಂಪನಿಯದು; ತನ್ನ ಸರಕು ಖರ್ಚಾಗಲೆಂದೇ ಮಾಡಿದ ಪುಸ್ತಕ ಎನ್ನುವುದರಲ್ಲಿ ಗುಟ್ಟೇನೂ ಇಲ್ಲ. ಆದರೂ ಅದರ ವ್ಯಾಪಾರಬುದ್ಧಿ ನನಗೆ ಇಷ್ಟ. ಕಾಗದ ಮಾರಿ, ಕತ್ತರಿಸುವ ಕೆಲಸವನ್ನು ಅದು ಮನೆಯವರಿಗೇ ಬಿಟ್ಟಿತ್ತು. ಈಗಿನ ಮಳಿಗೆಗಳು ಆ ಕೆಲಸವನ್ನೂ ತಾವೇ ಮಾಡಿ, ಮಕ್ಕಳ ಕೈಗೆ ಬರೀ ಬೆಲೆಚೀಟಿ ಕೊಡುತ್ತವೆ.

ಆ ಕೆಲಸವನ್ನು ಮಕ್ಕಳಿಗೆ ಮರಳಿ ಕೊಡುವುದಾದರೆ ಮೊದಲು ಕಿಟಕಿ ಹಿಡಿಯಿರಿ. ಹ್ಯಾಲೋವೀನ್ ಅಲಂಕಾರದಲ್ಲಿ ಒಂದೇ ಒಂದು ಮಾಡುವಷ್ಟು ಪುರಸೊತ್ತಿದ್ದರೆ ಅದು ಕಿಟಕಿಯ ನೆರಳುಚಿತ್ರವೇ ಆಗಬೇಕು. ಕಪ್ಪು ಚಾರ್ಟ್ ಕಾಗದ ಇದ್ದರೆ ಸರಿ, ಇಲ್ಲವಾದರೆ ಮನೆಗೆ ಬಂದ ಪಾರ್ಸೆಲ್ಲಿನ ರಟ್ಟು ಸಾಕು. ಹಿಂದಿನಿಂದ ಬೆಳಕು ಬಿದ್ದಾಗ ಕಂದು ರಟ್ಟೂ ಕಪ್ಪಾಗಿಯೇ ಕಾಣುವುದರಿಂದ ಬಣ್ಣ ಬಳಿಯುವ ಅಗತ್ಯವಿಲ್ಲ. ಕತ್ತರಿಸಿದ ಆಕೃತಿಯನ್ನು ಒಳಗಡೆಯಿಂದ ಗಾಜಿಗೆ ಅಂಟಿಸಿ, ಅದರ ಹಿಂದೆ ಕಿತ್ತಳೆ ಬಣ್ಣದ ಟಿಶ್ಯೂ ಕಾಗದವನ್ನೋ ಹಳೆಯ ತೆಳು ಹೊದಿಕೆಯನ್ನೋ ಇಳಿಬಿಡಿ. ಅದರಾಚೆ, ಬಟ್ಟೆಗೆ ತಾಗದಷ್ಟು ದೂರದಲ್ಲಿ, ನೆಲದ ಮೇಲೆ ಒಂದು ಟೇಬಲ್ ಲ್ಯಾಂಪು. ಬಿಸಿಯಾಗುವ ಹಳೆಯ ಬಲ್ಬು ಬೇಡ, ಎಲ್‌ಇಡಿ ಇರಲಿ.

ಕಳೆದ ಸಲ ಅಣ್ಣನ ಮಕ್ಕಳಿಬ್ಬರನ್ನು ಈ ಕೆಲಸಕ್ಕೆ ಕೂರಿಸಿದ್ದೆ. ದೊಡ್ಡವಳು ಹತ್ತರ ಹುಡುಗಿ, ಚಿತ್ರ ಬರೆಯುವುದರಲ್ಲಿ ಶಾಲೆಗೇ ಹೆಸರು. ಮಾಟಗಾತಿಯೊಬ್ಬಳನ್ನು ಎದುರುಮುಖವಾಗಿ ಬರೆದಳು: ಮೂಗಿನ ಮೇಲೆ ನರುಳಿ, ಅಂಗಿಗೆ ಗುಂಡಿ, ಬೆರಳಿಗೆ ಉಂಗುರ, ಒಂದೂ ಬಿಟ್ಟಿರಲಿಲ್ಲ. ಚಿಕ್ಕವನು ಗೂನುಬೆನ್ನಿನ ಬೆಕ್ಕನ್ನು ಕತ್ತರಿಸಿದ. ಬಾಲವೂ ಕಾಲಿನಷ್ಟೇ ದಪ್ಪವಾಗಿ, ಬೆಕ್ಕಿಗೆ ಐದು ಕಾಲು ಬಂದ ಹಾಗಿತ್ತು. ಅಂಟಿಸಿ, ದೀಪ ಹಾಕಿ, ಇಬ್ಬರನ್ನೂ ಫುಟ್‌ಪಾತಿಗೆ ಅಟ್ಟಿದೆ. ಅಲ್ಲಿಂದಲೇ ಹುಡುಗಿಯ ಕೂಗು: "ಅತ್ತೇ, ನನ್ನ ವಿಚ್‌ಗೆ ಮುಖಾನೇ ಇಲ್ಲ!" ತಮ್ಮ ಮಾತ್ರ ಕುಣಿಯುತ್ತಿದ್ದ. ಅವನ ಬೆಕ್ಕಿನ ಕಿವಿ, ಬೆನ್ನು, ಹೊಟ್ಟೆಯ ಕೆಳಗಿನ ಸಂದು ಎಲ್ಲ ಬೀದಿಗೆ ಕಾಣುತ್ತಿದ್ದವು. ಮಾಟಗಾತಿ ಅಲ್ಲಿಂದ ನೋಡಿದರೆ ತಲೆಕೆಳಗಾದ ಆಲಿಕೆ.

ಒಳಗೆ ಬಂದವಳಿಗೆ ನಾನು ಹೇಳಿದ್ದು ಇಷ್ಟು: ಪೆನ್ಸಿಲ್ಲಿನಲ್ಲಿ ಬರೆದದ್ದು ಬೀದಿಗೆ ಲೆಕ್ಕವಿಲ್ಲ, ಕತ್ತರಿಸಿದ್ದಷ್ಟೇ ಲೆಕ್ಕ. ಮುಖ ಪಕ್ಕಕ್ಕೆ ತಿರುಗಿರಬೇಕು. ಆಗ ಮೂಗು, ಗದ್ದ, ಟೊಪ್ಪಿಯ ಅಂಚು ಗೆರೆಯಾಗಿ ಸಿಗುತ್ತವೆ. ತೋಳು ಮತ್ತು ಮೈ ನಡುವೆ ಬೆಳಕು ನುಗ್ಗಲು ಸಂದು ಬಿಡಬೇಕು. ಕಣ್ಣು ಬೇಕಿದ್ದರೆ ತೂತು ಕೊರೆಯಬೇಕು. ನಮ್ಮ ತೊಗಲುಗೊಂಬೆಯ ಕಲಾವಿದರು ಚರ್ಮದಲ್ಲಿ ಒಡವೆಗೂ ಸೀರೆಯ ಅಂಚಿಗೂ ಸಾಲುಸಾಲಾಗಿ ರಂಧ್ರ ಹೊಡೆಯುವುದು ಇದೇ ಕಾರಣಕ್ಕೆ. ದೀಪದ ಮುಂದೆ ಹಿಡಿದಾಗ ಆ ರಂಧ್ರಗಳೇ ಹೊಳೆಯುವ ಒಡವೆ. ಹುಡುಗಿ ಮುಖ ಊದಿಸಿಕೊಂಡೇ ಮಾಟಗಾತಿಯನ್ನು ಪಕ್ಕಕ್ಕೆ ತಿರುಗಿಸಿ ಮತ್ತೆ ಬರೆದಳು. ಕಣ್ಣಿಗೆ ಕಾಗದ ತೂತು ಮಾಡುವ ಪಂಚಿಂಗ್ ಮಷಿನ್ನಿನ ಒಂದೇ ಒತ್ತು. ಅಷ್ಟು ಸಣ್ಣ ಕಣ್ಣು ಬೀದಿಯವರೆಗೆ ಹೊಳೆಯಿತು.

ಇನ್ನೂ ಚಿಕ್ಕ ಮಕ್ಕಳಿದ್ದರೆ ಕೈಯನ್ನೇ ರಟ್ಟಿನ ಮೇಲೆ ಇಡಿಸಿ ಸುತ್ತ ಗೆರೆ ಎಳೆಯಿರಿ, ಬೆರಳುಗಳನ್ನು ಮಾತ್ರ ಎರಡರಷ್ಟು ಉದ್ದ ಮಾಡಿ. ಕಿಟಕಿಯ ಕೆಳ ಅಂಚಿನಿಂದ ಮೇಲೇಳುವಂತೆ ಅಂಥ ನಾಲ್ಕು ಕೈ ಅಂಟಿಸಿದರೆ ಮಾಟಗಾತಿ, ಬೆಕ್ಕು ಯಾವುದೂ ಬೇಡ.

ಟಾಯ್ಲೆಟ್ ಪೇಪರ್ ಮುಗಿದ ಮೇಲೆ ಉಳಿಯುವ ರಟ್ಟಿನ ಕೊಳವೆಯನ್ನು ಎಸೆಯದೆ ಕೂಡಿಡಿ. ಎರಡು ಓರೆಗಣ್ಣು ಬರೆಯುವುದು ಮಗುವಿನ ಕೆಲಸ, ಬ್ಲೇಡು ಹಿಡಿದು ಕೊರೆಯುವುದು ನಿಮ್ಮದು. ಒಳಗೊಂದು ಗ್ಲೋ ಸ್ಟಿಕ್ ತೂರಿಸಿ, ತುದಿಗಳನ್ನು ಮುಚ್ಚಿ, ಪೊದೆಯೊಳಗೆ ಸಿಕ್ಕಿಸಿ. ಇಡೀ ಪೊದೆಯಲ್ಲಿ ಕಾಣುವುದು ಕಣ್ಣು ಮಾತ್ರ, ಪ್ರಾಣಿ ಯಾವುದೆಂದು ನೋಡುವವರೇ ಊಹಿಸಿಕೊಳ್ಳಬೇಕು. 299 ಡಾಲರಿನ ಎಲುಬಿನ ರಾಶಿಗೆ ಈ ಸೌಕರ್ಯವಿಲ್ಲ.

ಕುಂಬಳಕಾಯಿ ಇಲ್ಲದೆ ಹ್ಯಾಲೋವೀನ್ ಇಲ್ಲ ಅನ್ನುತ್ತಾರೆ. ಐರ್ಲೆಂಡಿನಲ್ಲಿ ಹಿಂದೆ ಕೊರೆಯುತ್ತಿದ್ದದ್ದು ಟರ್ನಿಪ್ ಗಡ್ಡೆಯನ್ನು; ಹತ್ತೊಂಬತ್ತನೇ ಶತಮಾನದಲ್ಲಿ ವಲಸೆ ಬಂದವರಿಗೆ ಅಮೆರಿಕದ ನೆಲದ್ದೇ ಆದ ದೊಡ್ಡ ಕುಂಬಳಕಾಯಿ ಸಿಕ್ಕಿತು. ಐರ್ಲೆಂಡಿನ ಹಳೆಯ ಟರ್ನಿಪ್ ಮುಖವೊಂದರ ಅಚ್ಚು ಅಲ್ಲಿನ ಮೇಯೋ ಕೌಂಟಿಯ ಗ್ರಾಮೀಣ ಬದುಕಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಸುಕ್ಕುಗಟ್ಟಿದ ಆ ಮುಖದ ಚಿತ್ರ ನೋಡಿದರೆ ಈಗಿನ ನಗುಮೊಗದ ಕುಂಬಳಕಾಯಿಗಳು ತೀರ ಸಾಧು ಎನಿಸುತ್ತವೆ.

ಕಾಯಿ ಆರಿಸುವಾಗ ತೊಟ್ಟು ಗಟ್ಟಿಯಿದೆಯೇ, ಬುಡ ಮೆತ್ತಗಾಗಿಲ್ಲವೇ ನೋಡಿ. ತೊಟ್ಟು ಹಿಡಿದು ಎತ್ತಬೇಡಿ, ಮುರಿದ ಜಾಗದಿಂದಲೇ ಕೊಳೆಯುವುದು. ಕೊರೆಯುವುದಾದರೆ ಹಬ್ಬಕ್ಕೆ ಎರಡು ಮೂರು ದಿನ ಇರುವಾಗ. ಅದಕ್ಕೂ ಮುಂಚೆ ಕೊರೆದರೆ ಬಾಯಿ ಒಳಕ್ಕೆ ಬಾಗಿ, ಬೂಷ್ಟು ಹಿಡಿಯುತ್ತದೆ, ಉಳಿದದ್ದನ್ನು ಅಳಿಲು ಮುಗಿಸುತ್ತದೆ. ಮುಚ್ಚಳವನ್ನು ನೇರ ಕೊಯ್ಯದೆ ಓರೆಯಾಗಿ ಕೊಯ್ದರೆ ಒಳಗೆ ಜಾರಿ ಬೀಳುವುದಿಲ್ಲ. ಅಡುಗೆಮನೆಯ ಚಾಕು ಮಕ್ಕಳ ಕೈಗೆ ಕೊಡಲೇಬಾರದು. ಕುಂಬಳ ಕೊರೆಯಲೆಂದೇ ಮೊಂಡುತುದಿಯ ಪುಟ್ಟ ಗರಗಸ ಸಿಗುತ್ತದೆ, ಅದೂ ನೀವು ಪಕ್ಕದಲ್ಲಿ ಕೂತಾಗ ಮಾತ್ರ. ಒಳಗಿನ ನಾರು ಬಗೆಯುವುದಕ್ಕೆ ಮಕ್ಕಳಿಗಿಂತ ಉತ್ಸಾಹದ ಕೂಲಿಗಳು ಸಿಗಲಿಕ್ಕಿಲ್ಲ. ಬೀಜವನ್ನು ತೊಳೆದು, ಒಣಗಿಸಿ, ಉಪ್ಪು ಖಾರ ಸವರಿ ಹುರಿಯಿರಿ. ತಿರುಳಿನ ಮೇಲೆ ಆಸೆ ಬೇಡ. ಕೊರೆಯಲೆಂದೇ ಬೆಳೆದ ಕಾಯಿಯದು ಬರೀ ನೀರು, ನಾರು. ಹುಳಿ ಮಾಡಿದರೆ ಹೋಳು ಎಲ್ಲಿ ಕರಗಿತೆಂದು ಹುಡುಕಬೇಕಾದೀತು. ಹುಳಿಗೆ ಬೇಕಿದ್ದರೆ ಪಕ್ಕದಲ್ಲೇ ಇಟ್ಟಿರುವ ಸಣ್ಣ ಪೈ ಕುಂಬಳ ತನ್ನಿ.

ಇಷ್ಟೆಲ್ಲ ಹೇಳಿಯೂ, ಎಳೆ ಮಕ್ಕಳಿರುವ ಮನೆಗೆ ನನ್ನ ಸಲಹೆ ಕೊರೆಯಬೇಡಿ ಎಂದೇ. ಬಣ್ಣ ಬಳಿದ ಇಡೀ ಕಾಯಿ ವಾರಗಟ್ಟಲೆ ಕೆಡದೆ ಕೂರುತ್ತದೆ. ಒಂದಕ್ಕಾದರೂ ಹಸಿರು ಬೆರೆತ ನೀಲಿ ಬಳಿಸಿ. ಆ ಬಣ್ಣದ ಕುಂಬಳ ಬಾಗಿಲಲ್ಲಿದ್ದರೆ, ಕಡಲೆಕಾಯಿ, ಹಾಲು ಮುಂತಾದವು ಒಗ್ಗದ ಮಕ್ಕಳಿಗೆ ಈ ಮನೆಯಲ್ಲಿ ತಿಂಡಿಯ ಬದಲು ಪೆನ್ಸಿಲ್, ಸ್ಟಿಕರ್ ಥರದ್ದು ಸಿಗುತ್ತದೆ ಎಂದು ಅರ್ಥ. 2014ರಿಂದ ದೇಶದಾದ್ಯಂತ ಹರಡಿದ ಈ ಪದ್ಧತಿ ಹ್ಯಾಲೋವೀನಿನ ಹೊಸ ರೂಢಿಗಳಲ್ಲೆಲ್ಲ ನನಗೆ ಮೆಚ್ಚುಗೆಯದು.

ಭೂತ ಮಾಡಲು ಹಾಲಿನ ಕ್ಯಾನು ಇದೆಯಲ್ಲ. ಅಮೆರಿಕದ ಮನೆಗಳಲ್ಲಿ ಗ್ಯಾಲನ್ನಿನ ಬಿಳಿ ಪ್ಲಾಸ್ಟಿಕ್ ಕ್ಯಾನುಗಳಿಗೆ ಬರವಿಲ್ಲ; ಮೊಸರು, ಕಾಫಿ ಎಂದು ನಮ್ಮವರ ಮನೆಯಲ್ಲಿ ಇನ್ನೂ ಒಂದೆರಡು ಹೆಚ್ಚೇ. ಚೆನ್ನಾಗಿ ತೊಳೆದು (ಹುಳಿವಾಸನೆಯ ಭೂತ ಯಾರಿಗೂ ಬೇಡ), ಹಿಡಿಯ ಎದುರು ಬದಿಯಲ್ಲಿ ಕಪ್ಪು ಮಾರ್ಕರಿನಿಂದ ಎರಡು ಕಣ್ಣು, ಒಂದು ತೆರೆದ ಬಾಯಿ ಬರೆಸಿ. ಹಿಂಬದಿಯಲ್ಲಿ ತೂತು ಮಾಡಿ ಸೀರಿಯಲ್ ಲೈಟಿನ ಸರ ಒಂದರಿಂದೊಂದಕ್ಕೆ ತೂರಿಸುತ್ತಾ ಹೋಗಿ. ಗಾಳಿಗೆ ಉರುಳದಂತೆ ತಳಕ್ಕೆ ಒಂದು ಹಿಡಿ ಜಲ್ಲಿ. ಕಾರು ಬರುವ ದಾರಿಯ ಪಕ್ಕಕ್ಕೆ ಏಳೆಂಟು ಸಾಲಾಗಿ ಇಟ್ಟರೆ ಸಾಕು.

ಹಳೆಯ ಮಲ್ಲು ಪಂಚೆಯ ತುಂಡಿದ್ದರೆ ಇನ್ನೊಂದು ಬಗೆ. ನಮ್ಮಲ್ಲಿ ಗಾಳಿಪಟಕ್ಕೂ ಗೂಡುದೀಪಕ್ಕೂ ಮಾಡುವ ಮೈದಾ ಗೋಂದನ್ನೇ ತುಸು ತೆಳ್ಳಗೆ ಕಾಯಿಸಿ ಆರಲು ಬಿಡಿ. ಬಾಟಲಿಯ ಬಾಯಿಗೆ ಊದಿದ ಬಲೂನು ಕೂರಿಸಿ, ಎರಡು ಪಕ್ಕಕ್ಕೆ ತಂತಿಯ ತೋಳು ಸುತ್ತಿ, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ. ಬಟ್ಟೆಯನ್ನು ಗೋಂದಿನಲ್ಲಿ ಅದ್ದಿ, ಹಿಂಡಿ, ಮೇಲಿಂದ ಹೊದಿಸಿ. ಮೊಣಕೈವರೆಗೆ ಗೋಂದು ಮೆತ್ತಿಕೊಳ್ಳುವ ಈ ಹಂತಕ್ಕಾಗಿಯೇ ಮಕ್ಕಳು ಉಳಿದದ್ದನ್ನೆಲ್ಲ ಸಹಿಸಿಕೊಳ್ಳುತ್ತಾರೆ. ಒಂದು ದಿನ ಒಣಗಿದ ಮೇಲೆ ಬಲೂನು ಒಡೆದು, ಬಾಟಲಿ, ತಂತಿ ಎಳೆದುಬಿಟ್ಟರೆ ಒಳಗೆ ಯಾರೂ ಇಲ್ಲದ ಬಟ್ಟೆ ತಾನೇ ನಿಂತಿರುತ್ತದೆ. ಇದಕ್ಕೆ ಇಬ್ಬನಿ ಶತ್ರು: ಹೊರಗಿಟ್ಟರೆ ಬೆಳಗಾಗುವಷ್ಟರಲ್ಲಿ ಕುಸಿಯುತ್ತದೆ. ಒಳಗಡೆಯೇ ಇರಲಿ.

ಜೇಡರ ಬಲೆಯೆಂದು ಪೊಟ್ಟಣದಲ್ಲಿ ಮಾರುವ ಸಿಂಥೆಟಿಕ್ ಹತ್ತಿಯನ್ನು ದಯವಿಟ್ಟು ಗಿಡಗಳ ಮೇಲೆ ಎಳೆಯಬೇಡಿ. ಹಕ್ಕಿ, ಬಾವಲಿ ಅದರಲ್ಲಿ ಸಿಕ್ಕಿಬೀಳುತ್ತವೆ; ಗಾಯಗೊಂಡ ವನ್ಯಜೀವಿಗಳನ್ನು ನೋಡಿಕೊಳ್ಳುವವರು ಪ್ರತಿ ಅಕ್ಟೋಬರಿನಲ್ಲೂ ಇದನ್ನು ಹೇಳುತ್ತಲೇ ಇರುತ್ತಾರೆ. ಕಪ್ಪು ಕಸದ ಚೀಲವನ್ನು ಚೌಕವಾಗಿ ಕತ್ತರಿಸಿ, ತ್ರಿಕೋನವಾಗಿ ಮತ್ತೆ ಮತ್ತೆ ಮಡಚಿ, ಒಂದು ಅಂಚಿನಿಂದ ಬಾಗಿದ ಪಟ್ಟಿಗಳನ್ನು ತೆಗೆದು ಬಿಡಿಸಿದರೆ ಬಲೆ ಸಿದ್ಧ. ಮಳೆಗೂ ಜಗ್ಗದು. ಬೆದರುಬೊಂಬೆ ಬೇಕೆನ್ನುವವರು ಹಳೆಯ ಪ್ಯಾಂಟಿಗೆ ಅಂಗಳದ ಎಲೆ ತುಂಬಬಹುದು. ಎಲೆ ಗರಿಗರಿಯಾಗಿ ಒಣಗಿರಲಿ, ಒದ್ದೆ ಎಲೆ ಒಳಗೇ ಕೊಳೆತು ನಾರುತ್ತದೆ.

ದೀಪದ ವಿಷಯದಲ್ಲಿ ನಾನು ಕಟ್ಟುನಿಟ್ಟು. ಜೋಲಾಡುವ ವೇಷದ ಮಕ್ಕಳು ಓಡಾಡುವ ಮೆಟ್ಟಿಲಲ್ಲಿ ಮೇಣದ ಬತ್ತಿ ಬೇಡವೇ ಬೇಡ. ಬ್ಯಾಟರಿಯ ಪುಟ್ಟ ದೀಪಗಳಾದರೆ, ಗುಂಡಿಯಂಥ ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇದೆಯೇ ನೋಡಿ ಕೊಳ್ಳಿ. ಆ ಸೆಲ್ಲನ್ನು ಮಗು ನುಂಗಿದರೆ ಅನ್ನನಾಳವೇ ಸುಡುತ್ತದೆ.

2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31ಕ್ಕೇ ಬಂದಿತ್ತು. ಒಂದೇ ಮೆಟ್ಟಿಲಲ್ಲಿ ಹಣತೆ, ಅಸ್ಥಿಪಂಜರ ಎರಡೂ ಹೇಗೆ ಎಂದು ನಮ್ಮವರ ಮನೆಗಳಲ್ಲಿ ಚರ್ಚೆಯೋ ಚರ್ಚೆ. ಅತ್ತಿಗೆ ನ್ಯಾಯ ತೀರಿಸಿದಳು: ಬಾಗಿಲ ಬಲಕ್ಕೆ ರಂಗೋಲಿ, ಎಡಕ್ಕೆ ಕುಂಬಳ, ಮೇಲೆ ಗೂಡುದೀಪ, ಕಿತ್ತಳೆ ಸೀರಿಯಲ್ ಲೈಟು ಇಬ್ಬರಿಗೂ ಸಮ. ಚಾಕೊಲೇಟ್ ಕೇಳಲು ಬಂದ ಪಕ್ಕದ ಬೀದಿಯ ಡ್ರಾಕುಲಾ ಒಬ್ಬ ಕಜ್ಜಾಯವನ್ನೂ ತಿಂದು ಹೋದ.

ಕೊನೆಯದಾಗಿ ಗಡಿಯಾರದ ಮಾತು. 2007ರಿಂದ ಅಮೆರಿಕದಲ್ಲಿ ಬೇಸಿಗೆಯ ಗಡಿಯಾರ ನವೆಂಬರಿನ ಮೊದಲ ಭಾನುವಾರದವರೆಗೂ ನಡೆಯುತ್ತದೆ. ಹಾಗಾಗಿ ಹ್ಯಾಲೋವೀನ್ ದಿನ ನ್ಯೂಜೆರ್ಸಿಯಲ್ಲಿ ಸೂರ್ಯ ಮುಳುಗುವುದು ಆರು ಗಂಟೆಗೆ ಸ್ವಲ್ಪ ಮುಂಚೆ. ತೀರ ಪುಟಾಣಿಗಳು ಬೆಳಕಿರುವಾಗಲೇ ಬಂದು ಹೋಗುತ್ತಾರೆ. ಅವರಿಗೆ ಬಣ್ಣದ ಕುಂಬಳ, ಬೆದರುಬೊಂಬೆ ಸಾಕು. ಕಿಟಕಿ, ಕ್ಯಾನು, ಪೊದೆಯ ಕಣ್ಣುಗಳ ದರ್ಬಾರು ಆರೂವರೆಯ ಮೇಲೆ. ಪೋರ್ಚಿನ ದೀಪ ಪ್ರಖರವಾಗಿದ್ದರೆ ಇವೆಲ್ಲ ಸಪ್ಪೆ, ಅದಕ್ಕೆ ಆ ಒಂದು ಸಂಜೆಯ ಮಟ್ಟಿಗೆ ಮಂದ ಬಲ್ಬು ಹಾಕಿ. ಪೂರ್ತಿ ಆರಿಸಬೇಡಿ, ಪೋರ್ಚು ಕತ್ತಲಾಗಿದ್ದರೆ ಈ ಮನೆಯಲ್ಲಿ ಚಾಕೊಲೇಟ್ ಇಲ್ಲ ಎಂದು ಇಲ್ಲಿನ ಮಕ್ಕಳು ತಿಳಿಯುತ್ತಾರೆ. ಚಾಕೊಲೇಟ್ ನಿಜಕ್ಕೂ ಮುಗಿದಾಗ ಪೋರ್ಚಿನ ಜೊತೆಗೆ ಕಿಟಕಿಯ ದೀಪವನ್ನೂ ಆರಿಸಿ. ಇಲ್ಲವಾದರೆ ಸುತ್ತಲಿನ ಕತ್ತಲಿಗೆ ಐದು ಕಾಲಿನ ಬೆಕ್ಕು ಇನ್ನೂ ಚೆನ್ನಾಗಿ ಕಂಡು, ಬಾಗಿಲು ತಟ್ಟುವವರು ಒಂಬತ್ತಾದರೂ ನಿಲ್ಲುವುದಿಲ್ಲ.