ಋತುವಿಲ್ಲದ ಊರಿನ ಋತುಚರ್ಯೆ

ಜುಲೈ ನಡುಭಾಗ ಬಂತೆಂದರೆ ಸಿಂಗಪುರದ ಚೀನೀ ವೈದ್ಯಶಾಲೆಗಳ ಮುಂದೆ ಬೆಳಗಿನಿಂದಲೇ ಸಾಲು ನಿಲ್ಲುತ್ತದೆ. ಬೆನ್ನು ತೆರೆಯಲು ಅನುಕೂಲವಾಗಲೆಂದು ಸಡಿಲ ಅಂಗಿ ತೊಟ್ಟು ಬಂದ ಅಜ್ಜಿಯರು, ಶಾಲೆಗೆ ರಜೆ ಹಾಕಿಸಿಕೊಂಡು ಬಂದ ಮೂಗು ಸೋರುವ ಮಕ್ಕಳು, ಊಟದ ಬಿಡುವಿನಲ್ಲಿ ಆಫೀಸಿನಿಂದ ಓಡಿಬಂದ ಹೆಣ್ಣುಮಕ್ಕಳು. ಒಳಗೆ ಸಿನ್‌ಸೆ (ಇಲ್ಲಿ ಚೀನೀ ವೈದ್ಯರನ್ನು ಎಲ್ಲರೂ ಕರೆಯುವುದು ಹಾಗೆಯೇ) ಬಿಳಿ ಸಾಸಿವೆಯ ಪುಡಿಗೆ ಕೆಲವು ಬೇರುಗಳ ಪುಡಿ ಸೇರಿಸಿ, ಹಸಿಶುಂಠಿಯ ರಸದಲ್ಲಿ ಕಲಸಿ, ಪುಟ್ಟ ಬಿಲ್ಲೆಗಳನ್ನು ತಟ್ಟಿ ಬೆನ್ನುಹುರಿಯ ಇಕ್ಕೆಲಗಳಲ್ಲಿ ಅಂಟಿಸುತ್ತಾರೆ. ಸ್ವಲ್ಪ ಹೊತ್ತಿಗೆ ಚರ್ಮ ಬಿಸಿಯಾಗುತ್ತದೆ, ಆಮೇಲೆ ಚುರುಚುರು ಎನ್ನುತ್ತದೆ. ದೊಡ್ಡವರು ಕೆಲವು ಗಂಟೆ ತಡೆದುಕೊಂಡು ಕಿತ್ತುಹಾಕಬೇಕು. ಹತ್ತು ದಿನ ಬಿಟ್ಟು ಮತ್ತೊಮ್ಮೆ, ಇನ್ನೂ ಹತ್ತು ದಿನ ಬಿಟ್ಟು ಮಗದೊಮ್ಮೆ.

ಇದು ಸಾನ್‌ಫು ಪಟ್ಟಿ. ಚಳಿಗಾಲದ ಕಾಯಿಲೆಗೆ ಬೇಸಿಗೆಯಲ್ಲೇ ಮದ್ದು ಮಾಡಬೇಕು ಎಂಬುದು ಇದರ ಹಿಂದಿನ ನಂಬಿಕೆ. ಸುಝೌ ನಗರದ ವೈದ್ಯ ಝಾಂಗ್ ಲು 1695ರ ತನ್ನ ಗ್ರಂಥದಲ್ಲಿ ಉಬ್ಬಸಕ್ಕೆ ಇದೇ ಬಿಳಿ ಸಾಸಿವೆಯ ಲೇಪವನ್ನು ಹೇಳಿದ್ದಾನೆ. ದಿನ ಗೊತ್ತುಮಾಡುವುದು ಪಂಚಾಂಗ ನೋಡಿ. ಚೀನೀಯರು ದಿನಗಳನ್ನು ಹತ್ತು ಹೆಸರುಗಳ ಸುತ್ತಿನಲ್ಲಿ ಎಣಿಸುತ್ತಾರೆ. ಅದರಲ್ಲಿ ಗೆಂಗ್ ಎಂಬ ಹೆಸರಿನ ದಿನ ಬೇಸಿಗೆಯ ಅಯನ ಸಂಕ್ರಮಣದ ನಂತರ ಮೂರನೇ ಬಾರಿ ಬಂದಾಗ ಫು ಎಂಬ ಕಡುಬೇಸಿಗೆಯ ಮೂರು ಅವಧಿಗಳಲ್ಲಿ ಮೊದಲನೆಯದು ಶುರು. ಅಲ್ಲಿಂದ ಕೆಲವು ವರ್ಷ 30 ದಿನ, ಕೆಲವು ವರ್ಷ 40 ದಿನ, ಚೀನಾದ ನೆಲ ಕಾದ ಹೆಂಚಾಗಿರುತ್ತದೆ. ನಮ್ಮ ತುಳುನಾಡಿನಲ್ಲಿ ಇದೇ ವಾರಗಳಲ್ಲಿ ಆಟಿ ಅಮಾವಾಸ್ಯೆ ಬರುತ್ತದೆ. ಸೂರ್ಯ ಹುಟ್ಟುವ ಮುಂಚೆ ಕಲ್ಲಿನಿಂದ ಜಜ್ಜಿ ತಂದ ಪಾಲೆ ಮರದ ತೊಗಟೆಯ ಕಷಾಯವನ್ನು ಖಾಲಿ ಹೊಟ್ಟೆಗೆ ಕುಡಿದು ಬೆಳೆದವಳು ನಾನು. ಮದ್ದಿಗೂ ಒಂದು ದಿನವಿದೆ ಎಂಬ ಮಾತು ನನಗೆ ಹೊಸದೇನಲ್ಲ.

ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ. ಸಿಂಗಪುರ ಇರುವುದು ಭೂಮಧ್ಯರೇಖೆಯ ಪಕ್ಕದಲ್ಲಿ. ಇಲ್ಲಿ ಜನವರಿಗೂ ಜುಲೈಗೂ ಮಳೆಯ ಹೆಚ್ಚುಕಡಿಮೆ ಬಿಟ್ಟರೆ ಅಂತರವಿಲ್ಲ. ಬೇಸಿಗೆಯೇ ಇಲ್ಲದ ಊರಲ್ಲಿ ಬೇಸಿಗೆಯ ಮದ್ದು ಯಾಕೆ? ಚೈನಾಟೌನಿನ ನನ್ನ ಸಿನ್‌ಸೆಯನ್ನೇ ಕೇಳಿದೆ. ಅರವತ್ತು ದಾಟಿದ ಆಕೆ ನನ್ನ ಮಣಿಕಟ್ಟಿನ ಮೇಲಿಟ್ಟ ಮೂರು ಬೆರಳನ್ನು ತೆಗೆಯದೆಯೇ, “ನಿಮ್ಮ ಆಫೀಸಿನಲ್ಲಿ ಎ.ಸಿ. ಎಷ್ಟಕ್ಕಿಟ್ಟಿರುತ್ತಾರೆ?” ಎಂದರು. ಇಪ್ಪತ್ತೆರಡು ಎಂದೆ. “ದಿನಕ್ಕೆ ಒಂಬತ್ತು ಗಂಟೆ ಚಳಿಗಾಲದಲ್ಲಿ ಕೂರುತ್ತೀರಿ. ಹೊರಗೆ ಬಂದು ಬೆವರುತ್ತೀರಿ, ಐಸ್ ಹಾಕಿದ ಕಾಫಿ ಕುಡಿಯುತ್ತೀರಿ, ಮತ್ತೆ ಒಳಗೆ ಹೋಗುತ್ತೀರಿ. ಋತು ಇಲ್ಲ ಅಂತ ಹೇಳಿದವರು ಯಾರು?”

ಅದು ಅರ್ಧ ಉತ್ತರ. ಇನ್ನರ್ಧ ಆಕೆಯ ಚೀಟಿಗಳನ್ನು ನೋಡನೋಡುತ್ತ ಅರ್ಥವಾಯಿತು. ತಿಂಗಳ ಒಂದು ವಾರ ಬರೆದುಕೊಟ್ಟ ಕಷಾಯ ಮುಂದಿನ ವಾರಕ್ಕೆ ನಡೆಯುವುದಿಲ್ಲ. ಮುಟ್ಟಿನ ದಿನಗಳಲ್ಲಿ ಹರಿವು ಸಲೀಸಾಗಲು ಒಂದು, ಮುಟ್ಟು ನಿಂತ ಮೇಲೆ ಕಳೆದುಕೊಂಡದ್ದನ್ನು ತುಂಬಲು ಇನ್ನೊಂದು, ಅಂಡ ಬಿಡುಗಡೆಯಾಗುವ ಹೊತ್ತಿಗೆ ಕದಲಿಸುವಂಥದ್ದು, ಆಮೇಲಿನ ಹದಿನಾಲ್ಕು ದಿನ ಬೆಚ್ಚಗಿಡುವಂಥದ್ದು. ಈ ಕ್ರಮವನ್ನು ಆಧುನಿಕ ಕಾಲದಲ್ಲಿ ಶಾಸ್ತ್ರವಾಗಿ ಕಟ್ಟಿದವರಲ್ಲಿ ನಾನ್‌ಜಿಂಗ್‌ನ ಸ್ತ್ರೀರೋಗ ವೈದ್ಯ ಶಿಯಾ ಗುಯಿಚೆಂಗ್ ಮುಖ್ಯರು. ಹಳೆಯ ಗ್ರಂಥಗಳ ಯಿನ್–ಯಾಂಗ್ ಏರಿಳಿತವನ್ನೂ ಹಾರ್ಮೋನುಗಳ ಏರಿಳಿತವನ್ನೂ ಅಕ್ಕಪಕ್ಕ ಇಟ್ಟು, ಮುಟ್ಟಿನ ಚಕ್ರವನ್ನು ಘಟ್ಟಗಳಾಗಿ ವಿಂಗಡಿಸಿ ಮದ್ದು ಕೊಟ್ಟವರು ಅವರು. ಊರಿಗೆ ನಾಲ್ಕು ಋತು ಇರಲಿ ಬಿಡಲಿ, ಹೆಣ್ಣಿನ ತಿಂಗಳಿಗೆ ನಾಲ್ಕೂ ಇವೆ. ಚೀನೀ ವೈದ್ಯದಲ್ಲಿ ನಾನು ಮನಸಾರೆ ಮೆಚ್ಚುವುದು ಈ ನೋಟವನ್ನು. ಇಪ್ಪತ್ತೆಂಟು ದಿನವೂ ಒಂದೇ ಮಾತ್ರೆ, ಒಂದೇ ವ್ಯಾಯಾಮ, ಒಂದೇ ಊಟ ಎನ್ನುವ ಈಗಿನ ಆರೋಗ್ಯೋಪದೇಶಗಳಿಗಿಂತ ಇದು ಎಷ್ಟೋ ವಿವೇಕದ್ದು.

ಈ ಕಾಳಜಿ ನಿನ್ನೆ ಮೊನ್ನೆಯದಲ್ಲ. ಏಳನೇ ಶತಮಾನದ ಸುನ್ ಸಿಮಿಯಾವ್ ತನ್ನ ದೊಡ್ಡ ಚಿಕಿತ್ಸಾ ಸಂಗ್ರಹದಲ್ಲಿ ಹೆಂಗಸರ ಕಾಯಿಲೆಗಳನ್ನು ಕೊನೆಗೆ ತಳ್ಳದೆ ಮುಂಚೂಣಿಯಲ್ಲೇ ಇಟ್ಟ. 1237ರಲ್ಲಿ ಚೆನ್ ಝಿಮಿಂಗ್ ಹೆಂಗಸರ ಮದ್ದುಗಳಿಗೆಂದೇ ಬೃಹತ್ ಗ್ರಂಥ ಬರೆದ. ಇಂದಿಗೂ ಪ್ರತಿ ಚೀನೀ ಮನೆಯ ಹೆಣ್ಣುಮಕ್ಕಳಿಗೆ ಗೊತ್ತಿರುವ ಸಿ-ವು ಕಷಾಯ ಇದಕ್ಕಿಂತ ಹಳತು. ದಂಗುಯಿ, ಬೇಯಿಸಿದ ದಿಹುವಾಂಗ್ ಗೆಡ್ಡೆ, ಬಿಳಿ ಪಿಯೋನಿ ಬೇರು, ಚುವಾನ್‌ಶಿಯೊಂಗ್, ಹೀಗೆ ನಾಲ್ಕೇ ವಸ್ತು. ಮೊದಲು ಇದು ಕಾಣಿಸಿಕೊಂಡದ್ದು ಪೆಟ್ಟುಬಿದ್ದ, ಮೂಳೆ ಮುರಿದವರ ಚಿಕಿತ್ಸೆಯ ಪುಸ್ತಕದಲ್ಲಿ. ಸೋಂಗ್ ಅರಸರ ಸರ್ಕಾರಿ ಔಷಧಾಲಯ ಅದನ್ನು ಹೆಂಗಸರ ಮದ್ದಾಗಿ ತನ್ನ ಪಟ್ಟಿಗೆ ಸೇರಿಸಿತು. ಅಲ್ಲಿಂದ ಅದು ಮನೆಮನೆಯ ಮಡಕೆಗೆ ಇಳಿಯಿತು.

ಇವುಗಳಲ್ಲಿ ದಂಗುಯಿಯ ಬಗ್ಗೆ ಎಷ್ಟು ಬರೆದರೂ ನನಗೆ ಸಾಲದು. ಓಮ, ಜೀರಿಗೆ, ಕೊತ್ತಂಬರಿಯ ಕುಟುಂಬದ ಬೇರು. ಗಾನ್ಸು ಪ್ರಾಂತ್ಯದ ಮಿನ್‌ಶಿಯಾನ್‌ನ ತಂಪು ಎತ್ತರದಲ್ಲಿ ಬೆಳೆದದ್ದಕ್ಕೆ ಹೆಸರು ಹೆಚ್ಚು. ಔಷಧಿ ಅಂಗಡಿಯಲ್ಲಿ ಮರದ ಪುಟ್ಟ ಡ್ರಾಯರುಗಳ ಗೋಡೆಯೇ ಇರುತ್ತದೆ. ದಂಗುಯಿಯ ಡ್ರಾಯರ್ ಎಳೆದರೆ ಸೆಲರಿಯ ಕಟುವಾಸನೆ, ಹಿಂದೆಯೇ ಬೆಲ್ಲದ ಪಾಕ ಹತ್ತಿದಂಥ ಸಿಹಿ. ಝಾಂಗ್ ಝೊಂಗ್‌ಜಿಂಗ್ ಎಂಬ ಹಾನ್ ಕಾಲದ ವೈದ್ಯ ಬಾಣಂತಿಯ ಹೊಟ್ಟೆನೋವಿಗೆ ಹೇಳಿದ ಸಾರು ದಂಗುಯಿ, ಶುಂಠಿ, ಕುರಿಮಾಂಸ ಮೂರರದ್ದೇ. ಆತನ ಅಳತೆಯಲ್ಲಿ ದಂಗುಯಿ ಮೂರು ಪಾಲಾದರೆ ಶುಂಠಿ ಐದು ಪಾಲು. ಈಗ ಅಡುಗೆಮನೆಯಲ್ಲಿ ಅರ್ಧ ಕಿಲೋ ಮಾಂಸಕ್ಕೆ ಇಪ್ಪತ್ತು ಗ್ರಾಂ ಬೇರು, ಮೂವತ್ತು ಗ್ರಾಂ ಶುಂಠಿ ಹಾಕಿ ಎರಡು ಗಂಟೆ ಸಣ್ಣ ಉರಿಯಲ್ಲಿ ಬಿಡುತ್ತಾರೆ. ಉಪ್ಪು ಕೊನೆಗೆ. ಮಾಂಸ ತಿನ್ನದವರಿಗೆ ನಾಲ್ಕೈದು ಹೋಳು ದಂಗುಯಿ, ನಮ್ಮ ಎಲಚಿಯ ಬಂಧುವಾದ ಕೆಂಪು ಖರ್ಜೂರ ಹತ್ತು, ಒಂದು ಬೇಯಿಸಿದ ಮೊಟ್ಟೆ. ಮೊಟ್ಟೆಯೂ ಬೇಡವೆಂದರೆ ಬರಿಯ ಖರ್ಜೂರವೇ ಸಾಕು. ಇದನ್ನು ಕುಡಿಯಬೇಕಾದದ್ದು ಮುಟ್ಟು ಪೂರ್ತಿ ನಿಂತ ಮೇಲೆ. ಸ್ರಾವ ಹೆಚ್ಚಿರುವಾಗ ಕುಡಿದರೆ ಇನ್ನೂ ಹೆಚ್ಚೀತು ಎಂದು ಯಾವ ಸಿನ್‌ಸೆಯಾದರೂ ಮೊದಲು ಎಚ್ಚರಿಸುತ್ತಾರೆ.

ಈಗ ಬಹುಪಾಲು ವೈದ್ಯಶಾಲೆಗಳು ಬಿಸಿನೀರಿಗೆ ಹಾಕಿ ಕಲಕುವ ಪುಡಿ ಕೊಡುತ್ತವೆ. ಅನುಕೂಲವೇನೋ ಹೌದು. ನಾನು ಮಾತ್ರ ಮಣ್ಣಿನ ಪಾತ್ರೆಯಲ್ಲಿ ಕುದಿಸುವುದನ್ನು ಬಿಟ್ಟಿಲ್ಲ. ಮೂರು ಬಟ್ಟಲು ನೀರು ಒಂದು ಬಟ್ಟಲಿಗೆ ಇಳಿಯುವವರೆಗೆ ಮನೆಯಲ್ಲಿ ಇರಲೇಬೇಕು, ಒಲೆಯ ಹತ್ತಿರ ಸುಳಿಯಲೇಬೇಕು. ಆ ಒಂದು ಗಂಟೆಯ ನಿಲುಗಡೆಯೂ ಮದ್ದಿನ ಪಾಲೇ ಎಂದು ನಾನು ನಂಬಿದ್ದೇನೆ.

ಇನ್ನು ಕೈಮದ್ದು. ತುಯಿನಾ ಎಂಬ ಚೀನೀ ಅಂಗಮರ್ದನಕ್ಕೆ ಎಣ್ಣೆ ಬೇಡ. ಬೆನ್ನ ಮೇಲೆ ತೆಳುವಾದ ಬಟ್ಟೆ ಹಾಸಿ, ಹಸ್ತದ ಹಿಂಭಾಗವನ್ನು ಕಿರುಬೆರಳ ಕಡೆಯಿಂದ ಹೊರಳಿಸುತ್ತ ಸೊಂಟದ ಸ್ನಾಯುಗಳನ್ನು ಸಡಿಲಿಸುತ್ತಾರೆ. ಒಳ್ಳೆಯ ಕೈಯೆಂದರೆ ಆ ಹೊರಳಾಟದ ಲಯ ಅರ್ಧ ಗಂಟೆಯಾದರೂ ತಪ್ಪುವುದಿಲ್ಲ, ಭಾರ ಹೆಗಲಿನಿಂದ ಬರುತ್ತದೆಯೇ ಹೊರತು ಬೆರಳಿನಿಂದಲ್ಲ. ಮುಟ್ಟಿಗೆ ಮುಂಚಿನ ಸೊಂಟದ ಸೆಳೆತಕ್ಕೆ ಬಟ್ಟಲು ಹಚ್ಚಿ ರಕ್ತ ಎಳೆದು ಕಲೆ ಮಾಡುವ ಕಪಿಂಗ್‌ಗಿಂತ ಇದೇ ಮೇಲೆಂದು ನನ್ನ ಅನುಭವ.

ಅದಕ್ಕಿಂತಲೂ ನನಗೆ ಇಷ್ಟವಾದದ್ದು ಮಾಕ್ಸ. ಗಣೇಶನ ಪೂಜೆಗೆ ನಾವು ಏರಿಸುವ ಮಾಚಿಪತ್ರೆಯ ಕುಲದ್ದೇ ಒಂದು ಗಿಡ ಅದರ ಮೂಲ. ಐದನೇ ಚಾಂದ್ರಮಾಸದ ಐದನೇ ದಿನ, ಡ್ರ್ಯಾಗನ್ ದೋಣಿಯ ಹಬ್ಬದ ಹೊತ್ತಿಗೆ ಕೊಯ್ದು, ಒಣಗಿಸಿ, ಕುಟ್ಟಿ, ನಾರು ಮಾತ್ರ ಉಳಿಸಿಕೊಂಡು ಬೆರಳುಗಾತ್ರದ ಬತ್ತಿ ಸುತ್ತುತ್ತಾರೆ. ಮೂಲಿಕಾಗ್ರಂಥಕಾರ ಲಿ ಶಿಝೆನ್ ಹುಟ್ಟಿದ ಹುಬೆಯ್ ಪ್ರಾಂತ್ಯದ ಚಿಚುನ್‌ನದಕ್ಕೆ ಬೆಲೆ ಜಾಸ್ತಿ. ಹಳೆಯ ಮಾಕ್ಸ ಮೆತ್ತಗೆ ಉರಿಯುತ್ತದೆ, ಹೊಸದು ಚುಚ್ಚಿದಂತೆ ಸುಡುತ್ತದೆ. ಒಳಗಣಕಾಲಿನ ಗಂಟಿನಿಂದ ನಾಲ್ಕು ಬೆರಳು ಮೇಲೆ, ಮೂಳೆಯ ಹಿಂಬದಿಗೆ ಒತ್ತಿದರೆ ಮುಟ್ಟಿನ ಮುಂಚಿನ ದಿನಗಳಲ್ಲಿ ಬಹಳ ಜನಕ್ಕೆ ನೋವಾಗುವ ಒಂದು ಬಿಂದುವಿದೆ, ಸಾನ್‌ಯಿನ್‌ಜಿಯಾವ್. ಹೊತ್ತಿಸಿದ ಬತ್ತಿಯನ್ನು ಅದರ ಮೇಲೆ ಎರಡು ಬೆರಳಿನಷ್ಟು ಎತ್ತರದಲ್ಲಿ ಹಿಡಿದು ಹತ್ತು ನಿಮಿಷ ಕಾಯಿಸಿದರೆ ಚರ್ಮ ನಸುಗೆಂಪಾಗುತ್ತದೆ, ಬಿಸಿ ಮೊಣಕಾಲವರೆಗೂ ಹರಿಯುತ್ತದೆ. ಗರ್ಭಿಣಿಯರಿಗೆ ಈ ಬಿಂದುವನ್ನು ಮುಟ್ಟುವುದಿಲ್ಲ. ಸಾನ್‌ಫು ಪಟ್ಟಿಯೂ ಅವರಿಗೆ ನಿಷಿದ್ಧ.

ಪ್ರೀತಿಯಿದೆ ಎಂದು ಎಲ್ಲವನ್ನೂ ಹೊಗಳಲಾರೆ. ಪಿ.ಸಿ.ಓ.ಎಸ್. ಎಂಬ ಅಂಡಾಶಯದ ತೊಂದರೆಯಿದ್ದು ಮಕ್ಕಳಾಗದ 1000 ಹೆಂಗಸರ ಮೇಲೆ ಚೀನಾದ 21 ಕೇಂದ್ರಗಳು ಸೇರಿ ನಡೆಸಿದ ಪರೀಕ್ಷೆಯ ಫಲ 2017ರಲ್ಲಿ ಪ್ರಕಟವಾಯಿತು. ಹೆರಿಗೆಗಳ ಸಂಖ್ಯೆ ಹೆಚ್ಚಿದ್ದು ಅಂಡ ಬಿಡುಗಡೆಗೆಂದು ಕೊಡುವ ಕ್ಲೋಮಿಫೀನ್ ಮಾತ್ರೆಯಿಂದ. ಅಕ್ಯುಪಂಕ್ಚರ್ ಸೂಜಿ ಸೇರಿಸಿದ್ದರಿಂದ ಏನೂ ಕೂಡಲಿಲ್ಲ. ಅದನ್ನು ಮುನ್ನಡೆಸಿದವರು ಚೀನೀಯರೇ, ಫಲವನ್ನು ಮುಚ್ಚಿಡದೆ ಹೇಳಿದರು. 2016ರಲ್ಲಿ ಆಸ್ಟ್ರೇಲಿಯಾದ 327 ಹೆಂಗಸರ ಮೇಲೆ ಮುಟ್ಟು ನಿಲ್ಲುವ ಕಾಲದ ಮೈಬಿಸಿಗೆ ನಿಜವಾದ ಸೂಜಿ, ಚರ್ಮ ದಾಟದ ಮೊಂಡು ಸೂಜಿ ಎರಡನ್ನೂ ಹೋಲಿಸಿ ನೋಡಿದರು. ಎರಡೂ ಗುಂಪಿನಲ್ಲಿ ತೊಂದರೆ ಸುಮಾರು ಶೇ 40ರಷ್ಟು ಇಳಿಯಿತು. ಸೂಜಿಗೆ ವಿಶೇಷ ಶಕ್ತಿಯಿಲ್ಲ ಎಂದು ವೈದ್ಯಲೋಕ ಇದನ್ನು ಓದಿತು, ಅದು ಸರಿಯಾದ ಓದೇ. ಜೊತೆಗೆ ನನಗೆ ಇನ್ನೊಂದು ಕಾಣುತ್ತದೆ: ವಾರವಾರ ಒಂದು ಶಾಂತ ಕೋಣೆಯಲ್ಲಿ ಮಲಗಿ, ಇನ್ನೊಬ್ಬರು ಗಮನವಿಟ್ಟು ನಿದ್ದೆ, ಹಸಿವು, ಬೆವರು ವಿಚಾರಿಸುವುದು ಐವತ್ತರ ಹೆಣ್ಣಿಗೆ ಎಷ್ಟು ಅಪರೂಪ! ಅದರಿಂದಲೂ ಒಂದಿಷ್ಟು ಹಗುರವಾಗಿದ್ದರೆ ನನಗೆ ಆಶ್ಚರ್ಯವಿಲ್ಲ.

ಗಿಡಮೂಲಿಕೆಗೆ ದುಷ್ಪರಿಣಾಮವಿಲ್ಲ ಎನ್ನುವವರಿಗೆ ಬ್ರಸೆಲ್ಸ್‌ನ ಕಥೆ ಹೇಳಬೇಕು. 1990ರ ದಶಕದ ಆರಂಭದಲ್ಲಿ ಅಲ್ಲಿನ ತೂಕ ಇಳಿಸುವ ಮದ್ದಿನಲ್ಲಿ ಒಂದು ಚೀನೀ ಬೇರಿನ ಬದಲು ಹೆಸರು ಹತ್ತಿರದ ಇನ್ನೊಂದು ಬೇರು ಸೇರಿಕೊಂಡಿತು. ಅದರಲ್ಲಿದ್ದ ಅರಿಸ್ಟೊಲೋಕಿಕ್ ಆಮ್ಲದಿಂದ ನೂರಕ್ಕೂ ಹೆಚ್ಚು ಮಂದಿಯ ಮೂತ್ರಪಿಂಡ ಹಾಳಾಯಿತು, ಹೆಚ್ಚಿನವರು ಹೆಂಗಸರು. ದಂಗುಯಿಯೂ ಸಾಧುವಲ್ಲ, ರಕ್ತ ತೆಳುವಾಗಿಸುವ ವಾರ್ಫರಿನ್ ನುಂಗುವವರು ಅದನ್ನು ಮುಟ್ಟಕೂಡದು. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ, ತಿಂಗಳುಗಟ್ಟಲೆ ಸ್ರಾವ ನಿಲ್ಲದಿದ್ದರೆ, ಮೊಲೆಯಲ್ಲಿ ಗಂಟು ಸಿಕ್ಕರೆ ಹೋಗಬೇಕಾದದ್ದು ಆಸ್ಪತ್ರೆಗೆ, ಅದೂ ಅದೇ ವಾರ. ಸಿಂಗಪುರದಲ್ಲಿ 2000ರ ಕಾಯ್ದೆಯ ಪ್ರಕಾರ ಚೀನೀ ವೈದ್ಯರೂ ನೋಂದಾಯಿಸಿಕೊಳ್ಳಬೇಕು. ನನ್ನ ಸಿನ್‌ಸೆ ನಾಡಿ ಹಿಡಿಯುವ ಮೊದಲು ಸ್ಕ್ಯಾನ್ ವರದಿ ಕೇಳುತ್ತಾರೆ. ಹಾಗೆ ಕೇಳದವರ ಬಳಿ, ಮೊದಲ ಭೇಟಿಯಲ್ಲೇ ಹತ್ತು ಸಿಟ್ಟಿಂಗಿನ ಪ್ಯಾಕೇಜು ಮುಂದಿಡುವವರ ಬಳಿ ನಾನು ಕೂರುವುದಿಲ್ಲ. ದುಡ್ಡಿನ ಚಿಂತೆಯಿದ್ದವರಿಗೆ 1867ರಿಂದ ಜಾತಿ ಜನಾಂಗ ನೋಡದೆ ಪುಕ್ಕಟೆ ಚಿಕಿತ್ಸೆ ಕೊಡುತ್ತ ಬಂದಿರುವ ಥೋಂಗ್ ಚಾಯ್ ಸಂಸ್ಥೆ ಇದೆ. ಇಲ್ಲಿ ನೆಲೆಸಿದ ಕನ್ನಡಿಗರೂ ಅಲ್ಲಿಗೆ ಹೋಗಬಹುದು.

ಹಳದಿ ಚಕ್ರವರ್ತಿಯ ಹೆಸರಿನ, ಚೀನೀ ವೈದ್ಯದ ಆದಿಗ್ರಂಥ ಹೆಣ್ಣಿನ ಬದುಕನ್ನು ಏಳೇಳು ವರ್ಷಗಳಲ್ಲಿ ಎಣಿಸುತ್ತದೆ. ಎರಡನೇ ಏಳಕ್ಕೆ ಮುಟ್ಟು ಬರುತ್ತದೆ, ಏಳನೇ ಏಳಕ್ಕೆ, ಅಂದರೆ ನಲವತ್ತೊಂಬತ್ತಕ್ಕೆ, ನಿಲ್ಲುತ್ತದೆ. ಆ ವಯಸ್ಸಿನ ಆಚೀಚೆ ಕಾರಣವಿಲ್ಲದೆ ಕಣ್ಣು ತುಂಬುವುದು, ನಿದ್ದೆ ಕೆಡುವುದು, ಪದೇಪದೇ ಆಕಳಿಕೆ ಬರುವುದು ಶುರುವಾದರೆ ಝಾಂಗ್ ಝೊಂಗ್‌ಜಿಂಗ್‌ನ ಮತ್ತೊಂದು ಸರಳ ಕಷಾಯವನ್ನು ಇಂದಿಗೂ ಕೊಡುತ್ತಾರೆ: ಗೋಧಿ ಒಂದು ಹಿಡಿ, ಜೇಷ್ಠಮಧು ಒಂದೆರಡು ಚೂರು, ಕೆಂಪು ಖರ್ಜೂರ ಹತ್ತು. ಕುದಿಸಿ ಬಸಿದರೆ ನಸುಸಿಹಿಯ, ಗಂಜಿನೀರಿನಂಥ ಪಾನೀಯ. ಇದು ಹಾರ್ಮೋನನ್ನು ಏರಿಸುತ್ತದೆಂದು ನಾನು ಹೇಳುವುದಿಲ್ಲ, ಆದರೆ ರಾತ್ರಿ ಎಂಟರ ಕಾಫಿಯ ಜಾಗಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ರಕ್ತದೊತ್ತಡ ಇದ್ದವರು ಜೇಷ್ಠಮಧು ಬಿಟ್ಟೇ ಮಾಡಬೇಕು. ಅದು ದಿನವೂ ಹೊಟ್ಟೆಗೆ ಹೋದರೆ ಒತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ.

ಚೈನಾಟೌನಿಗೆ ಬಂದು ದಂಗುಯಿ ಕೊಳ್ಳುವವರಿಗೆ ಒಂದು ಮಾತು. ಪುಡಿ ಬೇಡ, ಉದ್ದಕ್ಕೆ ಸೀಳಿದ ಹೋಳನ್ನೇ ಕೇಳಿ. ಒಳಗೆ ಹಾಲುಬಿಳಿ ಬೆರೆತ ತಿಳಿಹಳದಿ, ಅಲ್ಲಲ್ಲಿ ಎಣ್ಣೆಯ ಕಂದುಚುಕ್ಕೆ, ಮುರಿದರೆ ಸ್ವಲ್ಪ ಬಾಗಿ ಆಮೇಲೆ ತುಂಡಾಗಬೇಕು. ತೀರ ಬೆಳ್ಳಗಿದ್ದು ಹುಳಿವಾಸನೆ ಹೊಡೆದರೆ ಗಂಧಕದ ಹೊಗೆ ಹಾಕಿದ್ದಾರೆಂದು ತಿಳಿದು ಅಲ್ಲೇ ಇಟ್ಟುಬಿಡಿ. ಇಪ್ಪತ್ತು ಇಪ್ಪತ್ತೈದು ಗ್ರಾಂ ಸಾಕು, ತೇವ ತಾಗದ ಗಾಜಿನ ಡಬ್ಬಿಯಲ್ಲಿಡಿ, ಮುಗಿದ ಮೇಲೆ ಹೊಸದು ತನ್ನಿ.