ಆಡುಮಾತಿನ ಪರೀಕ್ಷೆ: ಒಂದು ಪರಾಮರ್ಶೆ

ಒಬ್ಬನು ಒಂದು ನಾಡಿನಲ್ಲಿ ನೆಲೆಸಲು ಅರ್ಹನೋ ಅಲ್ಲವೋ ಎಂಬುದನ್ನು ಹತ್ತು ನಿಮಿಷಗಳ ಸಂಭಾಷಣೆಯಿಂದ ನಿರ್ಣಯಿಸಬಹುದೆ? ಬ್ರಿಟನ್ನಿನ ಸರ್ಕಾರವು ನಿರ್ಣಯಿಸಬಹುದೆಂದೇ ನಂಬಿದೆ. 2013ರ ಅಕ್ಟೋಬರ್ 28ರಿಂದ ಅಲ್ಲಿ ಕಾಯಂ ವಾಸವನ್ನಾಗಲಿ ಪೌರತ್ವವನ್ನಾಗಲಿ ಬೇಡುವವರು ಇಂಗ್ಲಿಷನ್ನು ಕೇಳಿ ತಿಳಿಯುವ ಹಾಗೂ ಆಡುವ ಶಕ್ತಿಯನ್ನು ಯೂರೋಪಿನ ಭಾಷಾಮಾನದ ‘ಬಿ-1’ ಮೆಟ್ಟಿಲಿನವರೆಗೆ ತೋರಿಸಬೇಕೆಂದು ವಿಧಿಸಲಾಯಿತು. ಇದಲ್ಲದೆ, ಆ ದೇಶದ ಚರಿತ್ರೆ ಮತ್ತು ನಡಾವಳಿಗಳನ್ನು ಕುರಿತ 24 ಪ್ರಶ್ನೆಗಳಲ್ಲಿ 18ಕ್ಕಾದರೂ ಸರಿಯುತ್ತರ ಕೊಡಬೇಕು. 65 ವರ್ಷ ತುಂಬಿದವರಿಗೆ ಈ ಎರಡರಿಂದಲೂ ವಿನಾಯಿತಿ ಉಂಟು.

ಅಂಬರನಾಥ, ಡೊಂಬಿವಲಿ, ಕಲ್ಯಾಣಗಳ ಕನ್ನಡ ಮನೆಗಳಿಂದ ಮಗನೋ ಸೊಸೆಯೋ ಲಂಡನ್ನಿಗೆ ಹೋಗಿರುವುದು ಈಗ ಅಪೂರ್ವ ಸಂಗತಿಯಲ್ಲ. ಆದುದರಿಂದ ಈ ಪರೀಕ್ಷೆಯನ್ನು ಪರದೇಶದ ಕಚೇರಿಯ ವ್ಯವಹಾರವೆಂದು ಕೈಬಿಡದೆ, ಅದು ಏನನ್ನು ಕೇಳುತ್ತದೆ, ಏನನ್ನು ಕೇಳದೆ ಬಿಡುತ್ತದೆ ಎಂಬುದನ್ನು ಒಂದು ಕೃತಿಯನ್ನು ನೋಡುವ ಕಣ್ಣಿನಿಂದ ನೋಡುವುದು ಯುಕ್ತ.

ಮೊದಲು ಗುಣದ ಮಾತು. ಲಂಡನ್ನಿನ ಟ್ರಿನಿಟಿ ಕಾಲೇಜು ನಡೆಸುವ ಐದನೆಯ ದರ್ಜೆಯ ಪರೀಕ್ಷೆಯನ್ನು ತೆಗೆದುಕೊಳ್ಳಬಹುದು. ಒಟ್ಟು ಹತ್ತು ನಿಮಿಷ. ಅದರಲ್ಲಿ ಅರ್ಧ ಕಾಲ ಅಭ್ಯರ್ಥಿಯು ತಾನೇ ಸಿದ್ಧಪಡಿಸಿಕೊಂಡು ಬಂದ ವಿಷಯ. ಉಳಿದರ್ಧ ಹಬ್ಬ, ವಾಹನ, ಸಂಗೀತ, ಈಚಿನ ಅನುಭವ ಮೊದಲಾದವುಗಳಲ್ಲಿ ಪರೀಕ್ಷಕನು ಆರಿಸಿದ ಎರಡು ವಿಷಯ. ಪ್ರಬಂಧ ಬರೆಯಬೇಕಾಗಿಲ್ಲ, ವ್ಯಾಕರಣದ ಸೂತ್ರ ಒಪ್ಪಿಸಬೇಕಾಗಿಲ್ಲ. ಬದುಕಿನಲ್ಲಿ ಭಾಷೆಯ ಮೊದಲ ಉಪಯೋಗ ಮಾತೇ ಹೊರತು ಬರಹವಲ್ಲವೆಂಬ ಸತ್ಯವನ್ನು ಇದು ಒಪ್ಪಿಕೊಂಡಿದೆ. ಮೂರು ಗಂಟೆಯ ಉತ್ತರಪತ್ರಿಕೆಯನ್ನೇ ವಿದ್ಯೆಯೆಂದು ಭಾವಿಸಿರುವ ಭಾರತದ ವಿಶ್ವವಿದ್ಯಾನಿಲಯಗಳು ಆಡುಮಾತಿಗೆ ಇಷ್ಟು ಮರ್ಯಾದೆಯನ್ನು ಎಂದೂ ಕೊಟ್ಟಿಲ್ಲ.

ಆದರೆ ಈ ತತ್ತ್ವ ನಿಯಮಾವಳಿಯಲ್ಲಿ ಬಹುದೂರ ಉಳಿಯುವುದಿಲ್ಲ. ಇಂಗ್ಲಿಷಿನಲ್ಲಿ ಬೋಧಿಸಿದ ಪದವಿಯೆಂದು ಪ್ರಮಾಣೀಕರಿಸಿ ತಂದವನಿಗೆ ಆಡುಮಾತಿನ ಪರೀಕ್ಷೆಯೇ ಇಲ್ಲ. ಪದವೀಧರನು ಬಾಯಿ ತೆರೆಯದೆ ಒಳಗೆ ಹೋಗಬಹುದು. ಅಂಗಡಿಯಲ್ಲಿ ಹತ್ತು ವರ್ಷ ಗಿರಾಕಿಗಳೊಡನೆ ಇಂಗ್ಲಿಷಿನಲ್ಲಿ ವ್ಯವಹರಿಸಿದವನು ಪರೀಕ್ಷಕನ ಮುಂದೆ ಕೂಡಬೇಕು. ಅಳೆಯಬೇಕಾದುದು ಮಾತಾದರೆ ಈ ಭೇದಕ್ಕೆ ಅರ್ಥವಿಲ್ಲ. ಇನ್ನೊಂದು ದೋಷ ಪರೀಕ್ಷೆಯ ಕಾಲಕ್ಕೆ ಸಂಬಂಧಿಸಿದ್ದು. 2010ರ ನವೆಂಬರಿನಿಂದ, ಗಂಡನನ್ನೋ ಹೆಂಡತಿಯನ್ನೋ ಕೂಡಿಕೊಳ್ಳಲು ಹೊರಟವರು ಪ್ರಯಾಣಕ್ಕೆ ಮೊದಲೇ ಪ್ರಾಥಮಿಕ ಇಂಗ್ಲಿಷನ್ನು ಆಡಿ ತೋರಿಸಬೇಕಾಯಿತು. ನೀರಿಗಿಳಿಯುವ ಮೊದಲೇ ಈಜು ಕಲಿತಿರಬೇಕೆಂಬ ಕಟ್ಟಳೆ ಇದು. 2015ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ನಿಯಮವನ್ನು ರದ್ದುಪಡಿಸಲಿಲ್ಲವಾದರೂ, ಕಲಿಯಲು ಅನುಕೂಲವೇ ಇಲ್ಲದವರ ವಿಷಯದಲ್ಲಿ ಅದರ ಆಚರಣೆ ಕುಟುಂಬಜೀವನದ ಹಕ್ಕಿಗೆ ಧಕ್ಕೆ ತರಬಹುದೆಂಬ ಶಂಕೆಯನ್ನು ವ್ಯಕ್ತಪಡಿಸಿತು.

ಇಂಥ ಪರೀಕ್ಷೆಗೆ ಒಂದು ಪೂರ್ವಚರಿತ್ರೆಯುಂಟು. ಅದನ್ನು ಮರೆತು ಈ ವಿಷಯವನ್ನು ಚರ್ಚಿಸಲಾಗದು. 1897ರ ಜನವರಿಯಲ್ಲಿ ಗಾಂಧಿಯವರು ಡರ್ಬಾನ್ ಬಂದರಿನಲ್ಲಿ ಇಳಿದಾಗ ಬಿಳಿಯರ ಗುಂಪು ಅವರ ಮೇಲೆ ಕೈಮಾಡಿದ್ದು ಪ್ರಸಿದ್ಧವಾಗಿದೆ. ಅದೇ ವರ್ಷ ನಟಾಲ್ ಶಾಸನಸಭೆಯು ಒಂದು ಕಾಯಿದೆಯನ್ನು ಮಾಡಿತು. ಅದರಲ್ಲಿ ‘ಭಾರತೀಯ’ ಎಂಬ ಶಬ್ದವಿಲ್ಲ, ಬಣ್ಣದ ಮಾತಿಲ್ಲ. ಬರುವವನು ಯೂರೋಪಿನ ಯಾವುದಾದರೊಂದು ಭಾಷೆಯ ಅಕ್ಷರಗಳಲ್ಲಿ ಅರ್ಜಿಯನ್ನು ಬರೆದು ಸಹಿ ಮಾಡಬೇಕು, ಇಷ್ಟೆ. ವಸಾಹತು ಮಂತ್ರಿ ಚೇಂಬರ್ಲೇನನು ಈ ಉಪಾಯವನ್ನು ಉಳಿದ ವಸಾಹತುಗಳ ಪ್ರಧಾನರ ಮುಂದೆಯೂ ಇಟ್ಟನು. 1901ರಲ್ಲಿ ಆಸ್ಟ್ರೇಲಿಯ ಅದನ್ನು ಇನ್ನಷ್ಟು ಹರಿತಗೊಳಿಸಿತು: ಅಧಿಕಾರಿಯು ಯೂರೋಪಿನ ಒಂದು ಭಾಷೆಯಲ್ಲಿ 50 ಶಬ್ದಗಳ ಭಾಗವನ್ನು ಹೇಳಬೇಕು, ಬಂದವನು ಬರೆದುಕೊಳ್ಳಬೇಕು. ಭಾಷೆಯ ಆಯ್ಕೆ ಅಧಿಕಾರಿಯದು. 1909ರ ಬಳಿಕ ಈ ಪರೀಕ್ಷೆಯಲ್ಲಿ ಒಬ್ಬನೂ ತೇರ್ಗಡೆಯಾಗಲಿಲ್ಲ. 1934ರಲ್ಲಿ ಬಹುಭಾಷಾ ಪಂಡಿತನಾದ ಪ್ರಾಗ್ ನಗರದ ಪತ್ರಕರ್ತ ಎಗಾನ್ ಕಿಶ್ ಬಂದಾಗ, ಅವನನ್ನು ತಡೆಯಲು ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯನ್ನು ಹುಡುಕಿ ತೆಗೆಯಬೇಕಾಯಿತು! ಅದು ಕಾಯಿದೆಯ ಅರ್ಥದಲ್ಲಿ ಯೂರೋಪಿನ ಭಾಷೆಯಲ್ಲವೆಂದು ಅಲ್ಲಿನ ಉಚ್ಚ ನ್ಯಾಯಾಲಯ ತೀರ್ಪಿತ್ತು ಕಿಶ್‌ನನ್ನು ಬಿಡಿಸಿತು. ಸ್ಕಾಟರು ಆ ನ್ಯಾಯಮೂರ್ತಿಗಳ ಮೇಲೆ ಸಿಟ್ಟಾದರು. ಪರೀಕ್ಷೆ ಮಾತ್ರ 1958ರವರೆಗೆ ಉಳಿಯಿತು.

ಬ್ರಿಟನ್ನಿನ ಇಂದಿನ ಪರೀಕ್ಷೆಯನ್ನು ಇದರೊಡನೆ ಸಮೀಕರಿಸುವುದು ಅನ್ಯಾಯವಾದೀತು. ಇಂದು ಪಠ್ಯವಿಷಯ ಪ್ರಕಟವಾಗಿದೆ, ಬಹುಮಂದಿ ತೇರ್ಗಡೆಯಾಗುತ್ತಾರೆ. ಆದರೂ ಮೆಟ್ಟಿಲಿನ ಎತ್ತರ ಸರ್ಕಾರದ ಕೈಯಲ್ಲಿದೆ. ನೆಲೆಸುವವರಿಗೆ ‘ಬಿ-1’ ಸಾಲದು, ‘ಬಿ-2’ ಬೇಕೆಂದು 2025ರ ಮೇ ತಿಂಗಳ ಶ್ವೇತಪತ್ರ ಸೂಚಿಸಿತು. ಹನ್ನೆರಡು ವರ್ಷಗಳಲ್ಲಿ ಬಸ್ಸಿನಲ್ಲಿ, ವೈದ್ಯನ ಬಳಿಯಲ್ಲಿ, ನೆರೆಮನೆಯಲ್ಲಿ ಬೇಕಾಗುವ ಇಂಗ್ಲಿಷು ಅಷ್ಟು ಕಠಿನವಾಯಿತೆ? ಕಠಿನವಾದದ್ದು ರಾಜಕಾರಣ.

ಇನ್ನು ಅಂಬರನಾಥದ ಮಾತು. ಕಾರ್ಖಾನೆಗಳ ಈ ಊರಿಗೆ ದುಡಿಮೆಯನ್ನರಸಿ ಬಂದ ಕನ್ನಡಿಗರು ಮರಾಠಿಯನ್ನು ಯಾವ ಪ್ರಮಾಣಪತ್ರಕ್ಕಾಗಿಯೂ ಕಲಿತವರಲ್ಲ. ಭಾಜಿಯವಳೊಡನೆ ಚೌಕಾಸಿ, ನಲ್ಲಿಯ ಸರದಿ, ಲೋಕಲ್ ಗಾಡಿಯ ನೂಕುನುಗ್ಗಲು, ಇವೇ ಅವರ ಪಾಠಶಾಲೆ. 2016ರಲ್ಲಿ ಮಹಾರಾಷ್ಟ್ರ ಸರ್ಕಾರವು ಹೊಸ ಆಟೋರಿಕ್ಷಾ ಪರವಾನಗಿಗೆ ಮರಾಠಿಯ ಜ್ಞಾನವನ್ನು ಕಡ್ಡಾಯ ಮಾಡಿದಾಗ ಕನ್ನಡಿಗರಲ್ಲಿ ಕೆಲವರಿಗೆ ಅಸಮಾಧಾನವಾಯಿತು. 2017ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಆ ಸುತ್ತೋಲೆಯನ್ನು ರದ್ದುಮಾಡಿತು. ಕಾನೂನಿನ ಮಾತು ಹಾಗಿರಲಿ. ಭಾಷಾದೃಷ್ಟಿಯಿಂದ ನೋಡಿದರೆ ಈ ನಿಬಂಧನೆಯಲ್ಲಿ ಹುರುಳಿಲ್ಲವೆನ್ನಲಾಗದು. ಮುದುಕಿಯೊಬ್ಬಳು ಮರಾಠಿಯಲ್ಲಿ ಹೇಳುವ ಓಣಿಯ ಗುರುತು ಚಾಲಕನಿಗೆ ತಿಳಿಯಲೇಬೇಕಷ್ಟೆ. ಅಲ್ಲಿ ಭಾಷೆ ಕೆಲಸದ ಅಂಗವೇ ಆಗಿದೆ.

ಈ ನ್ಯಾಯವನ್ನು ಕನ್ನಡಕ್ಕೂ ಅನ್ವಯಿಸಿ ನೋಡಬೇಕಾಗುತ್ತದೆ. ಅದು ಅಷ್ಟು ಸುಖದ ಕೆಲಸವಲ್ಲ. 2024ರ ಜುಲೈಯಲ್ಲಿ ಕರ್ನಾಟಕದ ಮಂತ್ರಿಮಂಡಲವು ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಯನ್ನು ಒಪ್ಪಿ, ಗದ್ದಲವೆದ್ದ ಮೇಲೆ ಕೆಲವೇ ದಿನಗಳಲ್ಲಿ ತಡೆಹಿಡಿಯಿತು. ಅದರ ಪ್ರಕಾರ ‘ಸ್ಥಳೀಯ’ನೆಂದರೆ ಕರ್ನಾಟಕದಲ್ಲಿ ಹುಟ್ಟಿ, 15 ವರ್ಷ ಅಲ್ಲಿ ನೆಲೆಸಿ, ಕನ್ನಡವನ್ನು ಆಡಲು, ಓದಲು, ಸ್ಪಷ್ಟವಾಗಿ ಬರೆಯಲು ಬಲ್ಲವನು. ಪ್ರೌಢಶಾಲೆಯಲ್ಲಿ ಕನ್ನಡ ಓದಿದ ದಾಖಲೆಯಿಲ್ಲದವನು ಪರೀಕ್ಷೆಗೆ ಕೂಡಬೇಕು. ಸ್ಟೇಟ್ ಬ್ಯಾಂಕಿನ ಗುಮಾಸ್ತರ ನೇಮಕದಲ್ಲಿಯೂ ಇಂಥದೇ ಪದ್ಧತಿಯುಂಟು: ಹತ್ತನೆಯ ಅಥವಾ ಹನ್ನೆರಡನೆಯ ತರಗತಿಯಲ್ಲಿ ಆ ಪ್ರಾಂತದ ಭಾಷೆಯನ್ನು ಓದಿದ ಪತ್ರವಿದ್ದರೆ ಪರೀಕ್ಷೆಯಿಲ್ಲ. ಬ್ರಿಟನ್ನಿನ ಪದವೀಧರನಿಗೆ ದೊರೆತ ರಿಯಾಯಿತಿಯೇ ಇಲ್ಲಿ ಬೇರೆ ವೇಷದಲ್ಲಿ ನಿಂತಿದೆ.

ಅಂಬರನಾಥದ ಮರಾಠಿ ಶಾಲೆಯಲ್ಲಿ ಕಲಿತ ಕನ್ನಡದ ಹುಡುಗನೊಬ್ಬನನ್ನು ಈ ಎರಡು ಪರೀಕ್ಷಕರ ಮುಂದೆ ಕೂಡಿಸಿ ನೋಡೋಣ. ಟ್ರಿನಿಟಿಯ ಮಾದರಿಯಲ್ಲಿ ಕನ್ನಡದ ಪರೀಕ್ಷಕನು ಹಬ್ಬದ ವಿಷಯ ಕೇಳಿದರೆ, ಅಜ್ಜಿಯಿಂದ ಬಂದ ವಿಜಾಪುರದ ಕನ್ನಡದಲ್ಲಿ, ನಡುನಡುವೆ ಮರಾಠಿಯ ಶಬ್ದ ಬೆರೆಸಿ, ಗಣಪತಿ ಮನೆಗೆ ಬಂದದ್ದರಿಂದ ಹಿಡಿದು ನೀರಿಗೆ ಬಿಟ್ಟದ್ದರವರೆಗೆ ಅವನು ಹತ್ತು ನಿಮಿಷ ತಡೆಯಿಲ್ಲದೆ ಮಾತಾಡಿಯಾನು. ಕೈಗೆ ಕನ್ನಡ ಪತ್ರಿಕೆ ಕೊಟ್ಟರೆ ಮೊದಲ ಸಾಲಿನ ಒತ್ತಕ್ಷರದಲ್ಲಿಯೇ ನಿಲ್ಲುವನು. ಬೆಂಗಳೂರಿನ ಮಸೂದೆಯಾದರೋ ಅವನಿಗೆ ಪತ್ರಿಕೆಯನ್ನು ಕೊಡುವವರೆಗೂ ಹೋಗುತ್ತಿರಲಿಲ್ಲ. ಅವನು ಹುಟ್ಟಿದ್ದು ಉಲ್ಲಾಸನಗರದ ಆಸ್ಪತ್ರೆಯಲ್ಲಿ.