ಬಹುಧ್ವನಿಗಾನದ ಪುಟವಿನ್ಯಾಸ

ನಮ್ಮ ಸಂಗೀತವು ಏಕಧ್ವನಿಪ್ರಧಾನವಾದುದು. ಸ್ವರವನ್ನು ಮೇಲೆಯೂ ಸಾಹಿತ್ಯವನ್ನು ಕೆಳಗೂ ಬರೆದರೆ ಲಿಪಿಕಾರನ ಕೆಲಸವು ಬಹುಮಟ್ಟಿಗೆ ಮುಗಿಯಿತು. ನಾಲ್ಕೈದು ಕಂಠಗಳು ಏಕಕಾಲದಲ್ಲಿ ಬೇರೆ ಬೇರೆ ಸ್ವರಪಂಕ್ತಿಗಳನ್ನು ಹಾಡುವ ಯೂರೋಪಿನ ಗಾನವನ್ನು ಪುಟದಲ್ಲಿ ಅಳವಡಿಸುವ ಬಗೆಯಾದರೋ ಬೇರೆಯೇ ಒಂದು ಪ್ರಶ್ನೆ. ಇದು ಕೇವಲ ಅನುಕೂಲದ ಮಾತಲ್ಲ, ಅರ್ಥನಿರ್ಣಯದ ಮಾತೆಂದು ನಮ್ಮ ಅಭಿಪ್ರಾಯ.

15, 16ನೆಯ ಶತಮಾನಗಳ ದೊಡ್ಡ ಗಾನಗ್ರಂಥಗಳಲ್ಲಿ ಎದುರುಬದುರಿನ ಎರಡು ಪುಟಗಳ ಮೇಲೆ ಒಂದೊಂದು ಧ್ವನಿಯನ್ನೂ ಪ್ರತ್ಯೇಕವಾಗಿ ಬರೆಯುತ್ತಿದ್ದರು: ಸಾಮಾನ್ಯವಾಗಿ ಎಡಕ್ಕೆ ಮೇಲಣ ಧ್ವನಿ ಮತ್ತು ಟೆನರ್, ಬಲಕ್ಕೆ ಆಲ್ಟೊ ಮತ್ತು ಬೇಸ್. ಮೇಳವೆಲ್ಲ ಒಂದೇ ಗ್ರಂಥದ ಮುಂದೆ ನಿಲ್ಲುತ್ತಿದ್ದುದರಿಂದ, ಎಲ್ಲರೂ ಒಟ್ಟಿಗೆ ಪುಟದ ಕೊನೆಯನ್ನು ಮುಟ್ಟುವಂತೆ ಲಿಪಿಕಾರನು ಎಣಿಕೆಯಿಟ್ಟು ಬರೆಯಬೇಕಾಗಿತ್ತು. ಇನ್ನೊಂದು ಪದ್ಧತಿಯಲ್ಲಿ ಪ್ರತಿ ಧ್ವನಿಗೂ ಬೇರೆ ಪುಸ್ತಕ. ಇದರ ಅಪಾಯಕ್ಕೆ ಕೇಂಬ್ರಿಜಿನ ಪೀಟರ್‌ಹೌಸ್ ಕಾಲೇಜಿಗೆ ಸೇರಿದ, 8ನೆಯ ಹೆನ್ರಿಯ ಕಾಲದ ಪುಸ್ತಕಗಳೇ ಸಾಕ್ಷಿ: ಐದರಲ್ಲಿ ಟೆನರ್ ಪುಸ್ತಕವು ಕಳೆದುಹೋದುದರಿಂದ ಅಲ್ಲಿನ ಅನೇಕ ಕೃತಿಗಳು ಅಂಗಹೀನವಾಗಿ ಉಳಿದಿವೆ. 1597ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಜಾನ್ ಡೌಲಂಡನ ಮೊದಲ ಗೀತಸಂಪುಟದ ಉಪಾಯವು ಸೊಗಸಾದುದು. ಮೇಜಿನ ಸುತ್ತ ಕುಳಿತವರು ಒಂದೇ ಪುಸ್ತಕವನ್ನು ನೋಡಿ ಹಾಡಲೆಂದು ಧ್ವನಿಗಳನ್ನು ಬೇರೆ ಬೇರೆ ದಿಕ್ಕುಗಳಿಗೆ ಮುಖಮಾಡಿ ಅಚ್ಚಿಟ್ಟಿದ್ದಾರೆ.

ಎಲ್ಲ ಧ್ವನಿಗಳನ್ನೂ ಒಂದರ ಕೆಳಗೊಂದು ಹೊಂದಿಸಿ ಲಂಬರೇಖೆಗಳಿಂದ ವಿಭಾಗಿಸುವ ಕ್ರಮದಲ್ಲಿ, ಚಿಪ್ರಿಯಾನೊ ದೆ ರೋರೆಯ ನಾಲ್ಕು ಧ್ವನಿಗಳ ಮ್ಯಾಡ್ರಿಗಲ್‌ಗಳು 1577ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದುವು. ಅಭ್ಯಾಸಿಗಳಿಗೂ ವಾದ್ಯಗಾರರಿಗೂ ಉದ್ದೇಶಿಸಿದ ಈ ಬಗೆಯನ್ನೇ ಈಗಿನ ಸಂಪಾದಕರು ಹಾಡುಗಾರರ ಕೈಗೂ ಕೊಡುತ್ತಾರೆ. ಲಾಭವು ಸ್ಪಷ್ಟ: ಧ್ವನಿಗಳ ಪರಸ್ಪರ ಸಂಬಂಧವು ಕಣ್ಣಿಗೆ ಕಟ್ಟುತ್ತದೆ. ನಷ್ಟವನ್ನು ಮಾತ್ರ ನಾವು ಸಾಕಷ್ಟು ಗಣಿಸಿಲ್ಲ. ಹಳೆಯ ಧ್ವನಿಪುಸ್ತಕಗಳಲ್ಲಿ ಸಾಮಾನ್ಯವಾಗಿ ಇಲ್ಲದ ಲಂಬರೇಖೆಯು ದೀರ್ಘಸ್ವರವನ್ನು ಎರಡಾಗಿ ತುಂಡರಿಸುತ್ತದೆ. ರೇಖೆಯ ಮುಂದಣ ಸ್ವರಕ್ಕೆ ಹಾಡುಗಾರನು ತಿಳಿಯದೆಯೇ ಒತ್ತು ಕೊಡುತ್ತಾನೆ. ಪದದ ಸಹಜವಾದ ಉಚ್ಚಾರವು ಹೀಗೆ ಕೆಡುವುದುಂಟು. 20ನೆಯ ಶತಮಾನದ ಕೆಲವು ಜರ್ಮನ್ ಸಂಪಾದಕರು ರೇಖೆಯನ್ನು ಪಂಕ್ತಿಗಳ ನಡುವಣ ತೆರಪಿನಲ್ಲಿ ಮಾತ್ರ ಎಳೆದು ಈ ದೋಷವನ್ನು ತಗ್ಗಿಸಿದರು.

ಹಳಗನ್ನಡದ ಓಲೆಯಲ್ಲಿ ಬಿಡದೆ ಬರೆದ ಪದ್ಯವನ್ನು ಪಾದಪಾದವಾಗಿ ಒಡೆದು ಅಚ್ಚಿಡುವವನು ಒಂದು ವ್ಯಾಖ್ಯಾನವನ್ನೇ ಮಾಡುತ್ತಾನೆಂಬುದು ನಮ್ಮ ವಿದ್ವಾಂಸರಿಗೆ ಹೊಸತಲ್ಲ. ಬಹುಧ್ವನಿಗಾನದ ಸಂಪಾದಕನೂ ಅದೇ ಹೊಣೆಯನ್ನು ಹೊತ್ತವನು. ಅವನು ಮೂಲದ ಮೊದಲ ಸ್ವರಗಳನ್ನು ಅವುಗಳ ಸ್ವರೂಪದಲ್ಲಿಯೇ ಆದಿಯಲ್ಲಿ ತೋರಿಸಲಿ. ತಾನು ಸೇರಿಸಿದ ರೇಖೆ ಯಾವುದು, ಹಂಚಿದ ಅಕ್ಷರ ಯಾವುದು ಎಂಬುದನ್ನು ಮುಚ್ಚದೆ ತಿಳಿಸಲಿ. ಪುಟವು ಅಚ್ಚುಕಟ್ಟಾಗಿರುವುದು ಗುಣವೇ ಸರಿ. ಆದರೆ ಆ ಅಚ್ಚುಕಟ್ಟು ಸಂಪಾದಕನದೋ ಕೃತಿಕಾರನದೋ ಎಂಬುದು ಓದುಗನಿಗೆ ತಿಳಿಯಲೇಬೇಕು.